ಮೊದಲ ಥರ್ಮಾಮೀಟರ್ ಸರಿಯಿದೆ ಎಂದು ತಿಳಿದದ್ದು ಹೇಗೆ?

ಓದುಗರ ಪ್ರಶ್ನೆ: ಒಂದು ಥರ್ಮಾಮೀಟರ್ ಸರಿಯಿದೆಯೇ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಥರ್ಮಾಮೀಟರ್ ಜೊತೆ ಹೋಲಿಸುತ್ತಾರೆ. ಆ ಒಳ್ಳೆಯದನ್ನು ಇನ್ನೂ ಒಳ್ಳೆಯದರ ಜೊತೆ ಹೋಲಿಸಿರುತ್ತಾರೆ. ಹೀಗೆ ಹಿಂದಕ್ಕೆ ಹೋದರೆ, ಮೊಟ್ಟಮೊದಲನೆಯದನ್ನು ಯಾವುದರ ಜೊತೆ ಹೋಲಿಸಿದರು? ಹೋಲಿಸಲು ಏನೂ ಇರಲಿಲ್ಲ ಎಂದರೆ, ಇಂದಿನ ಉಷ್ಣಾಂಶದ ಲೆಕ್ಕವೆಲ್ಲ ಸುಮ್ನೆ ನಾವು ಮಾಡಿಕೊಂಡ ಒಪ್ಪಂದ ಅಂತಾಯ್ತು, ಅಲ್ವಾ?

ಉತ್ತರ: ಮೊದಲ ಥರ್ಮಾಮೀಟರನ್ನು ಹೋಲಿಸಿ ನೋಡಲು ಏನೂ ಇರಲಿಲ್ಲ. ಅಲ್ಲಿಯವರೆಗೆ ನಿಮ್ಮ ಮಾತು ಪೂರ್ತಿ ಸರಿ. ಆದರೆ ಅದರಿಂದ ಇಂದಿನ ಉಷ್ಣಾಂಶ ಬರೀ ಒಪ್ಪಂದ ಎಂದಾಗುವುದಿಲ್ಲ. ಹೇಗೆ ಎಂದು ಹೇಳಬೇಕಾದರೆ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಅಳತೆಯ ಬಗ್ಗೆ ನನಗೆ ತುಂಬ ಇಷ್ಟವಾದ ಕಥೆ ಇದು. ಹಾಗಾಗಿ ಉತ್ತರ ಉದ್ದವಾಗುತ್ತದೆ.

ಮೊದಲು ಇದ್ದದ್ದು ನಮ್ಮ ಚರ್ಮ ಮಾತ್ರ. ಮುಟ್ಟಿ ನೋಡಿ ಇದು ಬಿಸಿ, ಇದು ತಣ್ಣಗೆ ಎಂದು ಹೇಳುತ್ತಿದ್ದೆವು. 1600ರ ಆಸುಪಾಸಿನಲ್ಲಿ ಇಟಲಿಯಲ್ಲಿ ಒಂದು ಸರಳ ಸಾಧನ ಬಂತು. ಮೇಲೆ ಗಾಜಿನ ಬುರುಡೆ, ಅದರಲ್ಲಿ ಗಾಳಿ, ಕೆಳಗೆ ನೀರಿನಲ್ಲಿ ಮುಳುಗಿದ ಸಣ್ಣ ಕೊಳವೆ. ಬುರುಡೆಯ ಗಾಳಿ ಬಿಸಿಯಾದರೆ ಹಿಗ್ಗಿ ನೀರನ್ನು ಕೆಳಕ್ಕೆ ತಳ್ಳುತ್ತದೆ, ತಣ್ಣಗಾದರೆ ನೀರು ಮೇಲಕ್ಕೆ ಏರುತ್ತದೆ. ಗೆಲಿಲಿಯೋ ಇಂಥದ್ದನ್ನು ಬಳಸಿದ್ದ. ವೈದ್ಯ ಸ್ಯಾಂಟೋರಿಯೊ ಇದನ್ನು ರೋಗಿಗಳ ಮೇಲೆ ಪ್ರಯೋಗಿಸಿದ. ಇದಕ್ಕೆ ಥರ್ಮೋಸ್ಕೋಪ್ ಎನ್ನುತ್ತಾರೆ. ಇದು ಸಂಖ್ಯೆ ಹೇಳುವುದಿಲ್ಲ. ಮೊದಲಿಗಿಂತ ಬಿಸಿಯೋ, ತಣ್ಣಗೋ, ಹಾಗೇ ಇದೆಯೋ ಎಂದಷ್ಟೇ ಹೇಳುತ್ತದೆ.

ಇದನ್ನು ಜನ ನಂಬಿದ್ದು ಏಕೆ? ಬಿಸಿ ಅನಿಸಿದಾಗ ಇದೂ ಬಿಸಿ ಎಂದಿತು, ತಣ್ಣಗೆ ಅನಿಸಿದಾಗ ತಣ್ಣಗೆ ಎಂದಿತು. ಅಂದರೆ ಸಾಧನಕ್ಕೆ ಮೊದಲ ಸರ್ಟಿಫಿಕೇಟ್ ಕೊಟ್ಟದ್ದು ನಮ್ಮ ಚರ್ಮವೇ. ಆದರೆ ಆಳದ ನೆಲಮಾಳಿಗೆಯ ವಿಷಯದಲ್ಲಿ ಇವೆರಡಕ್ಕೂ ಜಗಳ ಬಂತು. ಬೇಸಿಗೆಯಲ್ಲಿ ಅದು ತಂಪು, ಚಳಿಗಾಲದಲ್ಲಿ ಬೆಚ್ಚಗೆ ಎಂದು ಮೈ ಹೇಳುತ್ತಿತ್ತು. ಸಾಧನ ಮಾತ್ರ ಅಲ್ಲಿ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಎಂದಿತು. ಜನ ಸಾಧನದ ಮಾತು ಕೇಳಿದರು. ಇದು ಅನ್ಯಾಯವಲ್ಲ. ನಮ್ಮ ಮೈ ಸ್ವಲ್ಪ ಹೊತ್ತಿಗೆ ಮುಂಚೆ ಎಲ್ಲಿತ್ತು ಎಂಬುದರ ಮೇಲೆ ಅದರ ತೀರ್ಪು ಬದಲಾಗುತ್ತದೆ ಎಂದು ನಮಗೇ ಗೊತ್ತಿತ್ತು. ನಂಬಿಕೆ ಸಾಲ ಕೊಟ್ಟವರನ್ನೇ ಸಾಧನ ತಿದ್ದಿತು. ಇದನ್ನು ನೆನಪಿಡಿ, ಮುಂದೆ ಇದೇ ಆಟ ಮತ್ತೆ ಮತ್ತೆ ನಡೆಯುತ್ತದೆ.

ಥರ್ಮೋಸ್ಕೋಪಿಗೂ ತಿದ್ದುಪಡಿ ತಪ್ಪಲಿಲ್ಲ. 1643ರಲ್ಲಿ ಟೊರಿಚೆಲ್ಲಿ ಪಾದರಸದ ಕೊಳವೆಯಿಂದ ಗಾಳಿಯ ಒತ್ತಡವನ್ನು ತೋರಿಸಿದ ಮೇಲೆ, ತೆರೆದ ನೀರಿನಲ್ಲಿ ನಿಂತ ಕೊಳವೆ ಶಾಖಕ್ಕೆ ಮಾತ್ರವಲ್ಲ, ಗಾಳಿಯ ಒತ್ತಡಕ್ಕೂ ಕುಣಿಯುತ್ತದೆ ಎಂದು ತಿಳಿಯಿತು. ಅಷ್ಟು ಹೊತ್ತಿಗೆ ಫ್ಲಾರೆನ್ಸಿನಲ್ಲಿ ಮದ್ಯಸಾರ ತುಂಬಿ ಬಾಯಿ ಮುಚ್ಚಿದ ಗಾಜಿನ ಥರ್ಮಾಮೀಟರುಗಳು ಬರತೊಡಗಿದ್ದವು. ಅವು ಒತ್ತಡದ ಕಾಟದಿಂದ ಪಾರಾದವು.

ಇನ್ನು ಸಂಖ್ಯೆ ಬೇಕು. ಸಂಖ್ಯೆಗೆ ಕದಲದ ಗುರುತು ಬೇಕು. ಯಾವುದನ್ನು ಗುರುತಾಗಿ ಇಟ್ಟುಕೊಳ್ಳುವುದು? ಬೆಣ್ಣೆ ಕರಗುವ ಹಂತ ಎಂದರು ಕೆಲವರು. ಪ್ಯಾರಿಸ್ ವೀಕ್ಷಣಾಲಯದ ನೆಲಮಾಳಿಗೆಯ ಶಾಖ ಎಂದರು ಇನ್ನು ಕೆಲವರು. ನ್ಯೂಟನ್ 1701ರಲ್ಲಿ ಮನುಷ್ಯನ ಮೈ ಶಾಖಕ್ಕೆ 12 ಎಂದು ಕೊಟ್ಟ. 1724ರಲ್ಲಿ ಫ್ಯಾರನ್‌ಹೀಟ್ ಕೂಡ ಮೈ ಶಾಖವನ್ನು ಒಂದು ಗುರುತಾಗಿ ಬಳಸಿ ಅದನ್ನು 96 ಎಂದ. 1742ರಲ್ಲಿ ಸ್ವೀಡನ್ನಿನ ಸೆಲ್ಸಿಯಸ್ ಮಂಜು ಕರಗುವುದು ಮತ್ತು ನೀರು ಕುದಿಯುವುದು ಇವೆರಡನ್ನೇ ಹಿಡಿದ. ಅವನ ಲೆಕ್ಕದಲ್ಲಿ ಕುದಿಯುವುದು 0, ಮಂಜು ಕರಗುವುದು 100. ಅದನ್ನು ತಿರುಗಿಸಿದ್ದು ಆಮೇಲೆ.

ಯಾವ ಗುರುತು ಕದಲುವುದಿಲ್ಲ ಎಂದು ತಿಳಿಯಲು ಸಂಖ್ಯೆಯಿರುವ ಥರ್ಮಾಮೀಟರ್ ಬೇಕಿಲ್ಲ ಎಂಬುದನ್ನು ಇಲ್ಲಿ ಗಮನಿಸಿ. ಕರಗುತ್ತಿರುವ ಮಂಜಿನಲ್ಲಿ ಮುಚ್ಚಿದ ಕೊಳವೆಯನ್ನು ಇಡಿ. ದ್ರವ ನಿಂತ ಜಾಗಕ್ಕೆ ಗೆರೆ ಎಳೆಯಿರಿ. ಬೇರೆ ದಿನ, ಬೇರೆ ಊರಿನಲ್ಲಿ ಮತ್ತೆ ಇಡಿ. ಅದೇ ಗೆರೆಗೆ ನಿಂತರೆ ಸಾಕು. ಮಂಜೂ ದ್ರವವೂ ಒಟ್ಟಿಗೇ ಬದಲಾಗಿ ನಮ್ಮನ್ನು ಮೋಸ ಮಾಡುತ್ತಿರಬಹುದಲ್ಲ ಎಂದು ಕೇಳಬಹುದು. ಒಂದೇ ದ್ರವ ಬಳಸಿದ್ದರೆ ಆ ಅನುಮಾನಕ್ಕೆ ಬೆಲೆ ಇರುತ್ತಿತ್ತು. ಪಾದರಸ, ಮದ್ಯಸಾರ, ಎಣ್ಣೆ ಎಲ್ಲವೂ ಅವರವರ ಗೆರೆಗೇ ಮರಳಿ ಬಂದಾಗ ಅನುಮಾನ ಬಡಕಲಾಗುತ್ತದೆ.

ಮಂಜು ಸುಲಭದಲ್ಲಿ ಪಾಸಾಯಿತು. ಕುದಿಯುವ ನೀರು ಮಾತ್ರ ಚೆನ್ನಾಗಿ ಆಟ ಆಡಿಸಿತು. ಗಾಳಿಯ ಒತ್ತಡ ಬದಲಾದರೆ ಕುದಿಯುವ ಬಿಂದು ಬದಲಾಗುತ್ತದೆ ಎಂದು ಸೆಲ್ಸಿಯಸ್‌ಗೇ ಗೊತ್ತಿತ್ತು. ಅದಕ್ಕೆ ಲೆಕ್ಕ ಹಾಕಿಕೊಳ್ಳಬಹುದು. ಆದರೆ ಒತ್ತಡ ಒಂದೇ ಇದ್ದರೂ ಕುದಿಯುವ ನೀರಿನ ಶಾಖ ಒಂದೇ ಇರುತ್ತಿರಲಿಲ್ಲ. ಜಿನೀವಾದ ಝಾನ್ ಆಂದ್ರೆ ಡಿ ಲುಕ್ ಎಂಬಾತ ನೀರಿನಲ್ಲಿ ಕರಗಿದ ಗಾಳಿಯನ್ನು ಹೊರಹಾಕಲು ಒಂದು ಪಾತ್ರೆಯನ್ನು ನಾಲ್ಕು ವಾರ ಕೈಯಲ್ಲಿ ಹಿಡಿದು ಅಲುಗಾಡಿಸುತ್ತಲೇ ಇದ್ದ. ಹಾಗೆ ಗಾಳಿ ಕಳೆದ ನೀರು 100 ದಾಟಿ 112 ಡಿಗ್ರಿಯವರೆಗೂ ಕುದಿಯದೆ ಏರಿ, ಆಮೇಲೆ ಸ್ಫೋಟದಂತೆ ಚಿಮ್ಮಿತು. ಮುಂದೆ ಫ್ರಾನ್ಸಿನ ವಿಜ್ಞಾನಿ ಗೇ ಲುಸಾಕ್ ಗಾಜಿನ ಪಾತ್ರೆಯಲ್ಲಿ ನೀರು ಲೋಹದ ಪಾತ್ರೆಗಿಂತ ಒಂದು ಡಿಗ್ರಿಗೂ ಜಾಸ್ತಿ ಶಾಖದಲ್ಲಿ ಕುದಿಯುತ್ತದೆ ಎಂದು ವರದಿ ಮಾಡಿದ. ಯಾವುದನ್ನು ಕದಲದ ಗುರುತು ಎಂದು ನಂಬಿದ್ದರೋ ಅದೇ ಕದಲುತ್ತಿತ್ತು.

ಲಂಡನ್ನಿನ ರಾಯಲ್ ಸೊಸೈಟಿ ಇದಕ್ಕೆಂದೇ ಒಂದು ಸಮಿತಿ ಮಾಡಿತು. ಹೆನ್ರಿ ಕ್ಯಾವೆಂಡಿಶ್ ಅದರ ಮುಖ್ಯಸ್ಥ, ಡಿ ಲುಕ್ ಕೂಡ ಸದಸ್ಯ. 1777ರ ಅವರ ವರದಿಯ ಸಲಹೆ ಇದು: ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ಅದ್ದಬೇಡಿ, ಮುಚ್ಚಿದ ಪಾತ್ರೆಯಲ್ಲಿ ನೀರಿನ ಮೇಲಿರುವ ಹಬೆಯಲ್ಲಿ ಇಡಿ. ನೀರು ಎಷ್ಟೇ ಹಟ ಮಾಡಿದರೂ, ಒತ್ತಡ ಒಂದೇ ಇದ್ದರೆ ಹಬೆಯ ಶಾಖ ತುಂಬ ಕಡಿಮೆ ಬದಲಾಗುತ್ತದೆ. ನನಗೆ ಈ ತೀರ್ಮಾನ ಬಹಳ ದೊಡ್ಡದಾಗಿ ಕಾಣುತ್ತದೆ. ಪ್ರಕೃತಿಯಲ್ಲಿ ಸಿದ್ಧವಾಗಿ ಬಿದ್ದಿದ್ದ ಗುರುತನ್ನು ಅವರು ಎತ್ತಿಕೊಳ್ಳಲಿಲ್ಲ. ಕದಲಿಸುವ ಕಾರಣಗಳನ್ನು ಒಂದೊಂದಾಗಿ ಹಿಡಿದು ಕಟ್ಟಿಹಾಕಿ, ಕದಲದ ಗುರುತನ್ನು ತಯಾರು ಮಾಡಿದರು.

ಈಗ ಎರಡು ಗೆರೆ ಸಿಕ್ಕವು, 0 ಮತ್ತು 100. ನಡುವಿನ ಗೆರೆಗಳು? ಜಾಗವನ್ನು ಸಮವಾಗಿ ನೂರು ಪಾಲು ಮಾಡಿದರಾಯ್ತು ಎನ್ನುತ್ತೀರಿ. ನಿಮ್ಮ ಪ್ರಶ್ನೆಯ ನಿಜವಾದ ಮುಳ್ಳು ಇರುವುದು ಇಲ್ಲೇ. ಪಾದರಸ, ಮದ್ಯಸಾರ, ನೀರು ಮೂರರಲ್ಲೂ ಹೀಗೆ ಸಮಪಾಲು ಮಾಡಿ ಮೂರು ಥರ್ಮಾಮೀಟರ್ ಕಟ್ಟಿ. ಮಂಜಿನಲ್ಲಿ ಮೂರೂ 0 ಎನ್ನುತ್ತವೆ, ಹಬೆಯಲ್ಲಿ ಮೂರೂ 100 ಎನ್ನುತ್ತವೆ. ನಡುವೆ ಪಾದರಸ 50 ಎನ್ನುವಾಗ ಮದ್ಯಸಾರ ಸುಮಾರು 44 ಎನ್ನುತ್ತದೆ. ನೀರು ಸುಮಾರು 26 ಎನ್ನುತ್ತದೆ! ಯಾವುದು ಸರಿ?

ಶಾಖಕ್ಕೆ ಸರಿಯಾಗಿ ಸಮವಾಗಿ ಹಿಗ್ಗುವುದು ಯಾವುದೋ ಅದು ಸರಿ. ಯಾವುದು ಸಮವಾಗಿ ಹಿಗ್ಗುತ್ತದೆ ಎಂದು ನೋಡಲು ಒಂದು ಪಟ್ಟಿ ಬೇಕು: ಉಷ್ಣಾಂಶ ಇಷ್ಟಿದ್ದಾಗ ಹಿಗ್ಗಿದ್ದು ಇಷ್ಟು ಎಂದು. ಆ ಪಟ್ಟಿಯಲ್ಲಿ ಉಷ್ಣಾಂಶದ ಸಾಲನ್ನು ತುಂಬಲು ಸರಿಯಾದ ಥರ್ಮಾಮೀಟರ್ ಬೇಕು. ಅದು ಇಲ್ಲ ಅಂತಲೇ ತಾನೇ ಈ ಪಾಡು. ಸುತ್ತಿ ಸುತ್ತಿ ಅಲ್ಲಿಗೇ ಬಂದೆವು.

ಡಿ ಲುಕ್ ಒಂದು ದಾರಿ ಹುಡುಕಿದ. ಮಂಜಿನಷ್ಟು ತಣ್ಣಗಿನ ನೀರು, ಕುದಿಯುವ ನೀರು ಇವೆರಡನ್ನು ಸಮಸಮ ಬೆರೆಸಿದರೆ ಸರಿಯಾಗಿ ನಡುವಿನ ಶಾಖ ಬರಬೇಕು. ಅಲ್ಲಿ ಯಾವ ದ್ರವ 50ಕ್ಕೆ ಹತ್ತಿರ ನಿಲ್ಲುತ್ತದೋ ಅದೇ ಒಳ್ಳೆಯದು. ಪಾದರಸ ಗೆದ್ದಿತು. ಬಹಳ ಜನ ಒಪ್ಪಿದರು. ಆದರೆ ಇದರ ಅಡಿಯಲ್ಲಿ ಒಂದು ನಂಬಿಕೆ ಅಡಗಿತ್ತು. ನೀರನ್ನು 10ರಿಂದ 11ಕ್ಕೆ ಏರಿಸಲು ಬೇಕಾದ ಶಾಖವೇ 90ರಿಂದ 91ಕ್ಕೆ ಏರಿಸಲೂ ಸಾಕು ಎಂಬ ನಂಬಿಕೆ. ಅದು ನಿಜವೇ ಎಂದು ನೋಡಲು ಮತ್ತೆ ಥರ್ಮಾಮೀಟರ್ ಬೇಕು. ಜಾನ್ ಡಾಲ್ಟನ್ ಇದನ್ನೇ ಹಿಡಿದು ಆಕ್ಷೇಪ ಎತ್ತಿದ.

ಈ ಗಂಟನ್ನು ಮುಂದೆ ಸಡಿಲಿಸಿದವನು ಫ್ರಾನ್ಸಿನ ವಿಕ್ಟರ್ ರೆನ್ಯೊ, 1840ರ ದಶಕದಲ್ಲಿ. ಅವನ ಹೆಸರು ಪಠ್ಯಪುಸ್ತಕಗಳಲ್ಲಿ ಅಪರೂಪ. ಅವನಷ್ಟು ತಾಳ್ಮೆಯ ಪ್ರಯೋಗಕಾರರು ಕಡಿಮೆ. ಅವನು ಶಾಖ ಎಂದರೆ ಏನು ಎಂಬ ಯಾವ ಸಿದ್ಧಾಂತವನ್ನೂ ಕೈಗೆತ್ತಿಕೊಳ್ಳಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: ಈ ಬಗೆಯ ಥರ್ಮಾಮೀಟರುಗಳು ತಮ್ಮೊಳಗೆ ಒಪ್ಪುತ್ತವೆಯೇ? ಒಂದು ಜಾಗಕ್ಕೆ ಒಂದು ಹೊತ್ತಿನಲ್ಲಿ ಉಷ್ಣಾಂಶ ಒಂದೇ ಇರಬೇಕು. ಒಂದೇ ಬಗೆಯ ಎರಡು ಸಾಧನ ಎರಡು ಉತ್ತರ ಕೊಟ್ಟರೆ ಆ ಬಗೆಯಲ್ಲೇ ಏನೋ ತಪ್ಪಿದೆ. ಪಾದರಸದ ಥರ್ಮಾಮೀಟರುಗಳನ್ನು ಬೇರೆ ಬೇರೆ ಗಾಜಿನಲ್ಲಿ ಮಾಡಿ ನೋಡಿದ. 300 ಡಿಗ್ರಿ ದಾಟಿದ ಮೇಲೆ ಅವುಗಳ ನಡುವೆ ಹಲವು ಡಿಗ್ರಿ ವ್ಯತ್ಯಾಸ ಬಂತು, ಏಕೆಂದರೆ ಒಂದೊಂದು ಗಾಜು ಒಂದೊಂದು ರೀತಿ ಹಿಗ್ಗುತ್ತದೆ. ಗಾಳಿಯ ಥರ್ಮಾಮೀಟರಿನಲ್ಲಿ ಗಾಳಿಯ ಹಿಗ್ಗು ಎಷ್ಟು ದೊಡ್ಡದೆಂದರೆ ಗಾಜಿನ ಹಿಗ್ಗು ಅದರ ಮುಂದೆ ಲೆಕ್ಕಕ್ಕಿಲ್ಲ. ಗಾಳಿಯನ್ನು ದಟ್ಟವಾಗಿ ತುಂಬಿದರೂ ತೆಳುವಾಗಿ ತುಂಬಿದರೂ ಅವು ಒಂದಕ್ಕೊಂದು ಚೆನ್ನಾಗಿ ಒಪ್ಪಿದವು. ಹಾಗಾಗಿ ರೆನ್ಯೊ ಗಾಳಿಯನ್ನು ಆರಿಸಿದ. 1870-71ರ ಯುದ್ಧದಲ್ಲಿ ಪ್ರಷ್ಯದ ಸೈನಿಕರು ಅವನ ಪ್ರಯೋಗಾಲಯದ ಉಪಕರಣಗಳನ್ನು ಹಾಳುಮಾಡಿದರು. ಅದೇ ಯುದ್ಧದಲ್ಲಿ ಅವನ ಮಗ, ಚಿತ್ರಕಾರ ಹೆನ್ರಿ, ಸತ್ತ. ವರ್ಷಗಟ್ಟಲೆ ಕೂಡಿಟ್ಟ ಕೆಲಸ ಹಾಗೆ ಹೋಯಿತು ಎಂದು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ರೆನ್ಯೊ ಪರೀಕ್ಷೆಯ ಬೆಲೆ ಎಷ್ಟು? ತಮ್ಮೊಳಗೆ ಒಪ್ಪದ ಸಾಧನ ತಪ್ಪು ಎಂದು ಅದು ತೋರಿಸುತ್ತದೆ. ಒಪ್ಪಿದ್ದೆಲ್ಲ ಸರಿ ಎಂದು ತೋರಿಸುವುದಿಲ್ಲ. ಇದಕ್ಕೆ ಯಂತ್ರಶಾಲೆಯಿಂದ ಒಂದು ಉದಾಹರಣೆ ಇದೆ. ಪೂರ್ತಿ ಸಪಾಟಾದ ಲೋಹದ ಹಲಗೆಯನ್ನು ಮಾಡುವುದು ಹೇಗೆ, ಹೋಲಿಸಲು ಸಪಾಟು ಹಲಗೆ ಒಂದೂ ಇಲ್ಲದಿದ್ದಾಗ? ಎರಡು ಹಲಗೆ ತೆಗೆದುಕೊಂಡು, ಒಂದಕ್ಕೆ ಬಣ್ಣ ಹಚ್ಚಿ ಇನ್ನೊಂದರ ಮೇಲೆ ಒತ್ತಿ, ಬಣ್ಣ ತಾಗಿದ ಉಬ್ಬನ್ನು ಕೆರೆಯುತ್ತಾ ಹೋಗಿ. ಕೊನೆಗೆ ಎರಡೂ ಒಂದಕ್ಕೊಂದು ಪೂರ್ತಿ ಕೂಡುತ್ತವೆ. ಸಪಾಟಾದವೇ? ಹೇಳಲಾಗದು. ಒಂದು ಸ್ವಲ್ಪ ಉಬ್ಬಿ, ಇನ್ನೊಂದು ಅಷ್ಟೇ ತಗ್ಗಿ, ಚೆನ್ನಾಗಿ ಕೂಡಿಕೊಂಡಿರಬಹುದು. ಮೂರನೆಯ ಹಲಗೆ ತನ್ನಿ. ಮೊದಲನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ, ಮೂರನೆಯದು ಮೊದಲನೆಯದಕ್ಕೆ ಕೂಡಬೇಕು. ಮೂರೂ ಉಬ್ಬಿರಲು ಸಾಧ್ಯವಿಲ್ಲ, ಮೂರೂ ತಗ್ಗಿರಲು ಸಾಧ್ಯವಿಲ್ಲ. ಮೂರೂ ಸಪಾಟಾಗಿದ್ದರೆ ಮಾತ್ರ ಎಲ್ಲವೂ ಎಲ್ಲದಕ್ಕೂ ಕೂಡುತ್ತವೆ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಸಪಾಟು ಹಲಗೆ ಮಾಡುವ ಕೆಲಸವನ್ನು ವಿವರಿಸಿ ಇದನ್ನು ಹರಡಿದ. ಮೊದಲ ಸಪಾಟು ಹಲಗೆಗೆ ಹಿಂದೆ ಇನ್ನೊಂದು ಸಪಾಟು ಹಲಗೆ ಇರಲಿಲ್ಲ. ಆದರೂ ಅದು ಸಪಾಟು, ಮತ್ತು ಆ ಸಪಾಟು ಯಾರ ಒಪ್ಪಂದವೂ ಅಲ್ಲ.

ಉಷ್ಣಾಂಶಕ್ಕೂ ಬೇರೆ ದಿಕ್ಕಿನಿಂದ ಬರುವ ಹಲಗೆ ಬೇಕಿತ್ತು. ಅದನ್ನು ತಂದವನು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವನು. ಯುವಕನಾಗಿದ್ದಾಗ 1845ರಲ್ಲಿ ಅವನು ರೆನ್ಯೊನ ಪ್ರಯೋಗಾಲಯದಲ್ಲೇ ಕೆಲಸ ಮಾಡಿದ್ದ. ಗುರುವಿನ ಅಳತೆಗಳ ಬಗ್ಗೆ ಅವನಿಗೆ ಗೌರವವಿತ್ತು. ಆದರೆ ಉಷ್ಣಾಂಶ ಎಂಬುದು ಗಾಳಿ ಎಂಬ ಒಂದು ವಸ್ತುವಿನ ನಡತೆಗೆ ಅಂಟಿಕೊಂಡಿರುವುದು ಅವನಿಗೆ ಒಪ್ಪಿಗೆಯಾಗಲಿಲ್ಲ. ಫ್ರಾನ್ಸಿನ ಎಂಜಿನಿಯರ್ ಸಾದಿ ಕಾರ್ನೊ ಮೊದಲೇ ತೋರಿಸಿದ್ದ ಒಂದು ಮಾತನ್ನು ಅವನು ಹಿಡಿದುಕೊಂಡ: ಶಾಖದಿಂದ ಕೆಲಸ ತೆಗೆಯುವ, ಏನೂ ಪೋಲಾಗದ ಆದರ್ಶ ಶಾಖಯಂತ್ರದಿಂದ ಕೊಟ್ಟಷ್ಟು ಶಾಖಕ್ಕೆ ಎಷ್ಟು ಕೆಲಸ ಸಿಗುತ್ತದೆ ಎಂಬುದು ಅದರ ಬಿಸಿ ತುದಿ ಮತ್ತು ತಣ್ಣನೆಯ ತುದಿಯ ಉಷ್ಣಾಂಶವನ್ನು ಮಾತ್ರ ನೆಚ್ಚಿದೆ. ಒಳಗೆ ಹಬೆ ಇದ್ದರೇನು, ಗಾಳಿ ಇದ್ದರೇನು, ಒಂದೇ. ಹಾಗಾದರೆ ಆ ಕೆಲಸದ ಲೆಕ್ಕದಿಂದಲೇ ಉಷ್ಣಾಂಶವನ್ನು ಹೇಳಬಹುದಲ್ಲ! 1848ರಲ್ಲಿ ಒಂದು ರೂಪ, 1854ರ ಹೊತ್ತಿಗೆ ತಿದ್ದಿದ ಇನ್ನೊಂದು ರೂಪ. ಇಂದಿನ ಕೆಲ್ವಿನ್ ಮಾಪಕ ಬಂದದ್ದು ಆ ಎರಡನೆಯದರಿಂದ.

ತೊಂದರೆ ಏನೆಂದರೆ ಆದರ್ಶ ಶಾಖಯಂತ್ರವನ್ನು ಯಾರೂ ಕಟ್ಟಲಾಗದು. ಆದರೆ ಆದರ್ಶ ಅನಿಲ (ಕಣಗಳು ಒಂದನ್ನೊಂದು ಸೆಳೆಯದ, ಜಾಗವನ್ನೂ ಹಿಡಿಯದ ಕಲ್ಪನೆಯ ಅನಿಲ) ಇದ್ದಿದ್ದರೆ ಅದರ ಥರ್ಮಾಮೀಟರ್ ಕೆಲ್ವಿನ್ ಲೆಕ್ಕಕ್ಕೆ ಸರಿಹೊಂದುತ್ತಿತ್ತು ಎಂದು ಸಿದ್ಧಾಂತ ಹೇಳುತ್ತದೆ. ನಿಜವಾದ ಗಾಳಿ ಆದರ್ಶದಿಂದ ಎಷ್ಟು ದೂರ ಇದೆ ಎಂದು ತಿಳಿದರೆ ಕೆಲಸ ಆಯಿತು. 1850ರ ದಶಕದಲ್ಲಿ ಕೆಲ್ವಿನ್ ಮತ್ತು ಇಂಗ್ಲೆಂಡಿನ ಭೌತವಿಜ್ಞಾನಿ ಜೇಮ್ಸ್ ಜೂಲ್ ಇದಕ್ಕೊಂದು ಪ್ರಯೋಗ ಮಾಡಿದರು. ಒತ್ತಿದ ಗಾಳಿಯನ್ನು ಸಣ್ಣ ರಂಧ್ರಗಳ ಅಡ್ಡಿಯೊಂದರ ಮೂಲಕ ಹರಿಯಬಿಟ್ಟರು. ಆದರ್ಶ ಅನಿಲವಾಗಿದ್ದರೆ ಉಷ್ಣಾಂಶ ಬದಲಾಗಬಾರದು. ಗಾಳಿ ಮಾತ್ರ ಸ್ವಲ್ಪ ತಣ್ಣಗಾಯಿತು, ಒಂದು ವಾತಾವರಣದಷ್ಟು ಒತ್ತಡ ಇಳಿದರೆ ಸುಮಾರು ಕಾಲು ಡಿಗ್ರಿ. ಇದರಿಂದ ಗಾಳಿಯ ಥರ್ಮಾಮೀಟರನ್ನು ಎಷ್ಟು ತಿದ್ದಬೇಕು ಎಂದು ಲೆಕ್ಕ ಹಾಕಿದರು.

ಆ ಕಾಲು ಡಿಗ್ರಿಯನ್ನು ಅಳೆದದ್ದು ಯಾವುದರಿಂದ? ಅದೇ ಹಳೆಯ ಪಾದರಸದ ಥರ್ಮಾಮೀಟರಿನಿಂದ! ತಿದ್ದಬೇಕಾದವರ ಸಾಕ್ಷಿಯಿಂದಲೇ ತಿದ್ದುಪಡಿ. ಇಲ್ಲಿ ಹೆಚ್ಚಿನವರು ಕೈಚೆಲ್ಲಿ "ನೋಡಿ, ಸುತ್ತು ತಪ್ಪಲೇ ಇಲ್ಲ" ಎನ್ನುತ್ತಾರೆ. ಸುತ್ತು ನಿಜ. ಆದರೆ ಅದು ಅದೇ ಜಾಗಕ್ಕೆ ತಂದು ಬಿಡುವ ಸುತ್ತಲ್ಲ. ಲೆಕ್ಕ ನೋಡಿ. ತಿದ್ದುಪಡಿಯ ಗಾತ್ರ ಇಡೀ ಅಳತೆಯ ನೂರರಲ್ಲಿ ಒಂದು ಪಾಲು ಎಂದುಕೊಳ್ಳಿ. ಆ ತಿದ್ದುಪಡಿಯನ್ನು ಅಳೆದ ಸಾಧನವೂ ನೂರಕ್ಕೆ ಒಂದರಷ್ಟು ತಪ್ಪಾಗಿದೆ ಎಂದುಕೊಳ್ಳಿ. ಆಗ ಉಳಿಯುವ ತಪ್ಪು ಎಷ್ಟು? ನೂರನೇ ಪಾಲಿನ ನೂರನೇ ಪಾಲು, ಅಂದರೆ ಹತ್ತು ಸಾವಿರಕ್ಕೆ ಒಂದು. ತಿದ್ದಿದ ಸಾಧನದಿಂದ ಮತ್ತೆ ಅಳೆದರೆ ಇನ್ನೂ ಚಿಕ್ಕದು. ಒಂದೊಂದು ಸುತ್ತಿಗೂ ತಪ್ಪು ಕುಗ್ಗುತ್ತದೆ. ತಪ್ಪಿರುವ ಸಾಧನದಿಂದ ತಪ್ಪು ಕಡಿಮೆಯಿರುವ ಸಾಧನ ಹುಟ್ಟುವುದು ಹೀಗೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ತಿರುಳು ಇಷ್ಟೇ: ಮೊದಲನೆಯದು ಸರಿಯಿರಬೇಕಿರಲಿಲ್ಲ. ತಿದ್ದಿಸಿಕೊಳ್ಳುವಷ್ಟು ಸರಿಯಿದ್ದರೆ ಸಾಕಿತ್ತು.

ಹಾಗಂತ ಪ್ರತಿ ಸಲವೂ ತಪ್ಪು ಕುಗ್ಗಿಯೇ ತೀರುತ್ತದೆ ಎಂಬ ಖಾತರಿ ಇಲ್ಲ. ತಿದ್ದುಪಡಿ ಒಂದೊಂದು ಸುತ್ತಿಗೂ ದೊಡ್ಡದಾಗುತ್ತಾ ಹೋಗಬಹುದಿತ್ತು. ಬೇರೆ ಬೇರೆ ದಾರಿಗಳು ಬೇರೆ ಬೇರೆ ಕಡೆಗೆ ಒಯ್ಯಬಹುದಿತ್ತು. ಹಾಗಾಗಿದ್ದರೆ ಉಷ್ಣಾಂಶ ಎಂಬ ಒಂದೇ ಸಂಗತಿ ಇಲ್ಲ ಎಂದು ಒಪ್ಪಬೇಕಾಗುತ್ತಿತ್ತು. ಹಾಗಾಗಲಿಲ್ಲ ಎಂಬುದು ಲೋಕದ ಬಗ್ಗೆ ನಮಗೆ ಸಿಕ್ಕ ಸುದ್ದಿ.

ಇದನ್ನು ಬರೀ ಒಪ್ಪಂದ ಎಂದವರು ಸಣ್ಣವರಲ್ಲ. ಆಸ್ಟ್ರಿಯದ ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್ ಉಷ್ಣಾಂಶದ ಸಂಖ್ಯೆಯನ್ನು ನಾವು ಆರಿಸಿಕೊಂಡ ಗುರುತು ಎಂದೇ ನೋಡಿದ. 1927ರಲ್ಲಿ ಭೌತವಿಜ್ಞಾನಿ ಪರ್ಸಿ ಬ್ರಿಜ್‌ಮನ್, ಒಂದು ಪರಿಕಲ್ಪನೆಯ ಅರ್ಥ ಎಂದರೆ ಅದನ್ನು ಅಳೆಯುವ ಕ್ರಿಯೆಗಳೇ ಎಂದು ವಾದಿಸಿದ. ಬಾಯಿಮಾತಿಗೆ ಬದಲು ಕೈಕೆಲಸ ಕೇಳುವ ಈ ನಿಲುವಿನ ಮೇಲೆ ನನಗೆ ಗೌರವವಿದೆ. ಆದರೆ ಇದನ್ನು ಪೂರ್ತಿ ಒಪ್ಪಿದರೆ ಪಾದರಸದ ಉಷ್ಣಾಂಶ ಒಂದು, ಮದ್ಯಸಾರದ ಉಷ್ಣಾಂಶ ಇನ್ನೊಂದು ಎಂದಾಗುತ್ತದೆ. ಆಗ 50 ಮತ್ತು 44ರ ನಡುವೆ ಜಗಳವೇ ಇಲ್ಲ, ತಿದ್ದುವ ಕಾರಣವೂ ಇಲ್ಲ. ರೆನ್ಯೊ, ಜೂಲ್, ಕೆಲ್ವಿನ್ ಪಟ್ಟ ಪಾಡಿಗೆ ಅರ್ಥವೇ ಇರುವುದಿಲ್ಲ.

ಒಪ್ಪಂದದ ಭಾಗ ಖಂಡಿತ ಇದೆ. ಮಂಜಿಗೂ ಹಬೆಗೂ ನಡುವೆ ನೂರು ಪಾಲು ಎಂದದ್ದು ನಾವು. ಎಂಬತ್ತು ಎನ್ನಬಹುದಿತ್ತು, ಫ್ರಾನ್ಸಿನ ರೆಯೋಮ್ಯೂರ್ ಮಾಪಕದಲ್ಲಿ ಹಾಗೇ ಇತ್ತು. ಸೊನ್ನೆಯನ್ನು ಮಂಜಿನಲ್ಲಿ ಇಟ್ಟದ್ದೂ ನಾವೇ. ಹಾಗಾಗಿಯೇ 40 ಡಿಗ್ರಿ ಸೆಲ್ಸಿಯಸ್ ಎಂದರೆ 20ರ ಎರಡರಷ್ಟು ಬಿಸಿ ಎನ್ನಲಾಗದು. ಕೆಲ್ವಿನ್ ಲೆಕ್ಕದಲ್ಲಿ ಅವು 313 ಮತ್ತು 293. ವ್ಯತ್ಯಾಸ ನೂರಕ್ಕೆ ಏಳರಷ್ಟು ಮಾತ್ರ. ಆದರೆ ಕೆಲ್ವಿನ್ ಲೆಕ್ಕದ ಸೊನ್ನೆ, ಅಂದರೆ ಮೈನಸ್ 273.15 ಡಿಗ್ರಿ, ನಾವು ಆರಿಸಿದ್ದಲ್ಲ. ಅದು ಎಲ್ಲಿದೆ ಎಂದು ಹುಡುಕಬೇಕಾಯಿತು.

ಎಲ್ಲ ಅಳತೆಗೂ ಈ ಭಾಗ್ಯ ಬಂದಿಲ್ಲ. ಖನಿಜಗಳ ಗಡಸುತನಕ್ಕೆ 1812ರಲ್ಲಿ ಖನಿಜತಜ್ಞ ಫ್ರೀಡ್ರಿಖ್ ಮೋಸ್ ಕೊಟ್ಟ 1ರಿಂದ 10ರ ಸಂಖ್ಯೆ ಯಾವುದು ಯಾವುದನ್ನು ಗೀರುತ್ತದೆ ಎಂಬ ಸಾಲು ಮಾತ್ರ. ಅದು ಇಂದಿಗೂ ಥರ್ಮೋಸ್ಕೋಪಿನ ಮಟ್ಟದಲ್ಲೇ ಇದೆ. ಸಂಖ್ಯೆ ಕಂಡ ಕೂಡಲೇ ಕೂಡಿ ಕಳೆಯಲು ಹೊರಡುವವರಿಗೆ ಈ ವ್ಯತ್ಯಾಸ ಗೊತ್ತಿರಬೇಕು.

ಇನ್ನು ಇಂದಿನ ಸ್ಥಿತಿ. 1954ರಿಂದ ಕೆಲ್ವಿನ್ ಮಾಪಕ ನೀರಿನ ತ್ರಿಬಿಂದುವನ್ನು ಹಿಡಿದಿತ್ತು. ಮಂಜು, ನೀರು, ಆವಿ ಮೂರೂ ಒಟ್ಟಿಗೆ ನೆಲೆಸುವ ಆ ಬಿಂದುವಿಗೆ 273.16 ಕೆಲ್ವಿನ್ ಎಂದು ಕೊಟ್ಟಿದ್ದರು. 2019ರ ಮೇ 20ರಿಂದ ಅದೂ ಹೋಯಿತು. ಈಗ ಬೋಲ್ಟ್ಜ್‌ಮನ್ ಸ್ಥಿರಾಂಕಕ್ಕೆ (ಕಣಗಳ ಚಲನೆಯ ಶಕ್ತಿಯನ್ನು ಉಷ್ಣಾಂಶಕ್ಕೆ ಜೋಡಿಸುವ ಸಂಖ್ಯೆ ಅದು) ಒಂದು ನಿಖರ ಬೆಲೆಯನ್ನು ನಿಗದಿ ಮಾಡಿ, ಅದರಿಂದ ಕೆಲ್ವಿನ್ ಅನ್ನು ಪಡೆಯುತ್ತಾರೆ. ಹಾಗೆ ನಿಗದಿ ಮಾಡುವ ಮೊದಲು ತಜ್ಞರು ಒಂದು ಷರತ್ತು ಹಾಕಿದ್ದರು: ಒಂದೇ ವಿಧಾನದ ಉತ್ತರ ಎಷ್ಟೇ ನಿಖರವಾಗಿದ್ದರೂ ಸಾಲದು, ಮೂಲದಲ್ಲೇ ಬೇರೆಯಾದ ಎರಡು ವಿಧಾನಗಳಾದರೂ ಒಪ್ಪಬೇಕು. ಒಂದು ವಿಧಾನ ಅನಿಲದಲ್ಲಿ ಶಬ್ದದ ವೇಗವನ್ನು ಅಳೆಯಿತು. ಇನ್ನೊಂದು ಅನಿಲದ ವಿದ್ಯುತ್ ಗುಣವನ್ನು ಅಳೆಯಿತು. ಮತ್ತೊಂದು ವಿದ್ಯುತ್ ರೋಧಕದಲ್ಲಿ ಶಾಖದಿಂದ ಹುಟ್ಟುವ ಸಣ್ಣ ಗದ್ದಲವನ್ನು ಅಳೆಯಿತು. ಒಂದರ ತಪ್ಪು ಇನ್ನೊಂದಕ್ಕೆ ಅಂಟುವಂಥದ್ದಲ್ಲ. ಉತ್ತರಗಳು ಕೂಡಿಕೊಂಡವು.

ಕೆಲಸ ಮುಗಿದಿಲ್ಲ. ಪ್ರಯೋಗಾಲಯಗಳು ದಿನನಿತ್ಯ ಬಳಸುವುದು 1990ರಲ್ಲಿ ಒಪ್ಪಿದ ಅಂತರರಾಷ್ಟ್ರೀಯ ಮಾಪಕವನ್ನು. ನೀರಿನ ತ್ರಿಬಿಂದು, ಗ್ಯಾಲಿಯಂ ಕರಗುವ 29.7646 ಡಿಗ್ರಿ, ತವರ ಗಟ್ಟಿಯಾಗುವ 231.928 ಡಿಗ್ರಿ, ಇಂಥ ಗುರುತುಗಳು ಅದರಲ್ಲಿವೆ. ನೀವು ಹೇಳಿದ ಹೋಲಿಕೆಯ ಸರಪಳಿ ಇಂದು ಹೋಗಿ ನಿಲ್ಲುವುದು ಈ ಗುರುತುಗಳಲ್ಲಿ. ಕುದಿಯುವ ನೀರು ಆ ಪಟ್ಟಿಯಲ್ಲಿ ಈಗ ಇಲ್ಲ. ಸಾಮಾನ್ಯ ವಾತಾವರಣದ ಒತ್ತಡದಲ್ಲಿ ಅದರ ಬಿಂದು ಈ ಮಾಪಕದ ಪ್ರಕಾರ ಸುಮಾರು 99.974 ಡಿಗ್ರಿ. ಯಾವುದನ್ನು 100 ಎಂದು ಹಿಡಿದು ಹೊರಟರೋ ಅದನ್ನೇ ಅಳೆದು ಸ್ವಲ್ಪ ಕಡಿಮೆ ಎಂದು ಕಂಡುಕೊಂಡರು. ಈ 1990ರ ಮಾಪಕಕ್ಕೂ ನಿಜವಾದ ಕೆಲ್ವಿನ್ ಉಷ್ಣಾಂಶಕ್ಕೂ ನಡುವೆ ಇನ್ನೂ ಸಣ್ಣ ಸಣ್ಣ ವ್ಯತ್ಯಾಸಗಳಿವೆ. ಶಬ್ದದ ವೇಗದಿಂದ ಅಳೆಯುವ ಆ ಥರ್ಮಾಮೀಟರುಗಳಿಂದಲೇ ಈಗ ಅವನ್ನು ಅಳೆಯುತ್ತಿದ್ದಾರೆ.